ಹಾರ್ಡ್ ಡಿಸ್ಕಿಗೆ ಕಟ್ಟಿದ ತೊಟ್ಟಿಲು

ಗುರುಬಸವ್ವ ನಮ್ಮ ಮನೆಗೆ ಬಂದು ಬಾಯಿ ಬಿಟ್ಟು ಮಾತಾಡಿದಳೆಂದರೆ ವಿಷಯ ಸಣ್ಣದಲ್ಲವೆಂದೇ ಅರ್ಥ. ನಮ್ಮಿಬ್ಬರ ಮನೆಗೂ ಒಂದೇ ಗೋಡೆ, ನೆರೆ ಎಷ್ಟೋ ವರ್ಷದ್ದು. ಆದರೂ ಅವಳು ನನ್ನೊಡನೆ ಆಡಿದ ಮಾತನ್ನೆಲ್ಲ ಕೂಡಿಸಿದರೆ ಒಂದು ಸಂಜೆಯ ಹರಟೆಗೂ ಸಾಲದು. ಬೇಕಾದ್ದನ್ನು ಕೈಸನ್ನೆಯಲ್ಲಿ ಕೇಳುತ್ತಾಳೆ, ಬೇಡವಾದ್ದಕ್ಕೆ ಹುಬ್ಬು ಗಂಟಿಕ್ಕುತ್ತಾಳೆ. ಅವತ್ತು ಹೊಸ್ತಿಲಾಚೆ ನಿಂತು, ಸೆರಗಿನಿಂದ ಬಾಯಿ ಅರ್ಧ ಮುಚ್ಚಿಕೊಂಡು, "ಸಾವಂತ್ರೀ, ನಿನ್ನ ಆ ಡಬ್ಬಿ ಸಪ್ಪಳ ನಮ್ಮ ಪ್ರಭಾನ ಕ್ವಾಣ್ಯಾಗ ಕೇಳಸಾಕತ್ತೈತಿ" ಎಂದಳು. ಅವಳ ಮಾತಿನ ಅಡಿಯಲ್ಲಿ ಗರಗಸ ಓಡುತ್ತಿತ್ತು, ಹಸಿ ದಿಮ್ಮಿ ಕೊಯ್ಯುವ ದೊಡ್ಡ ಗರಗಸ.

ನಮ್ಮೂರಲ್ಲಿ ಹುಟ್ಟಿದ ಕೂಸು ಮೊದಲ ಉಸಿರಿನೊಂದಿಗೆ ಯಾವ ಸದ್ದು ಕೇಳುತ್ತದೋ ಅದು ಅದರ ದನಿಯೊಳಗೆ ಸೇರಿಕೊಂಡು ಕೊನೆಯ ತನಕ ಉಳಿಯುತ್ತದೆ. ನನ್ನದು ರೊಟ್ಟಿ ಬಡಿಯುವ ದನಿ. ಫೋನಿನಲ್ಲಿ ನನ್ನ ಜೊತೆ ಮಾತಾಡಿದವರಿಗೆ ಹಸಿವಾಗುತ್ತದಂತೆ. ಅಂಚೆ ಮಾಸ್ತರರದು ಒಗ್ಗರಣೆಯ ದನಿ, ಪಾಪ, ಸತ್ತವರ ಮನೆಗೆ ಮಾತಾಡಿಸಲು ಹೋದರೂ ಸಾಸಿವೆ ಸಿಡಿಯುವುದು ನಿಲ್ಲುವುದಿಲ್ಲ. ಆಸ್ಪತ್ರೆ ಕಟ್ಟಿದ ಹೊಸದರಲ್ಲಿ ಎಲ್ಲರೂ ಹುಮ್ಮಸ್ಸಿನಿಂದ ಅಲ್ಲೇ ಹೆರಿಗೆ ಮಾಡಿಸಿದರು. ಆಗ ಹುಟ್ಟಿದ ಮಕ್ಕಳಿಗೆಲ್ಲ ಹೆರಿಗೆ ಕೋಣೆಯ ಫ್ಯಾನಿನ ದನಿ ಬಂತು. ಅವರೆಲ್ಲ ಒಟ್ಟಿಗೆ ಮಗ್ಗಿ ಹೇಳಲು ಶುರು ಮಾಡಿದರೆ ಶಾಲೆಯ ಮಾಸ್ತರರು ಮೇಜಿನ ಮೇಲಿನ ಕಾಗದಕ್ಕೆ ಕಲ್ಲಿಡುತ್ತಿದ್ದರು. ಆಮೇಲೆ ನರ್ಸಮ್ಮನೇ ಮನೆಮನೆಗೆ ಬರುವ ಪದ್ಧತಿಯಾಯಿತು. ದಿನ ತುಂಬಿದ ಬಸುರಿ ಇರುವ ಓಣಿಗೆ ಅಡ್ಡಲಾಗಿ ಬಿಳಿ ಬಟ್ಟೆ ಕಟ್ಟುತ್ತಾರೆ. ಅದನ್ನು ಕಂಡರೆ ಬಸ್ಸಿನವನು ಎಂಜಿನ್ ಆರಿಸಿ, ಪ್ರಯಾಣಿಕರನ್ನು ಇಳಿಸಿ ತಳ್ಳಿಸಿಕೊಂಡು ಹೋಗುತ್ತಾನೆ. ಮಿಕ್ಸರಿಗೊಂದು, ಕುಕ್ಕರಿಗೊಂದು, ಗೋಡೆ ಗಡಿಯಾರಕ್ಕೊಂದು ಎಂದು ಪುಟ್ಟ ಕೌದಿಗಳನ್ನು ನಮ್ಮ ಹೆಂಗಸರು ಹೊಲಿದಿಟ್ಟುಕೊಂಡಿರುತ್ತಾರೆ. ಸದ್ದು ಮಾಡುವುದು ಯಾವುದೇ ಇರಲಿ, ಸುತ್ತಿಬಿಡುವುದು ನಮ್ಮ ರೂಢಿ.

ಗುರುಬಸವ್ವ ಹುಟ್ಟಿದಾಗ ಇಂಥ ಎಚ್ಚರ ಯಾರೂ ವಹಿಸಲಿಲ್ಲ. ಅವಳ ತಾಯಿಗೆ ದಿಮ್ಮಿ ಕೊಯ್ಯುವ ಕಟ್ಟಿಗೆ ಅಡ್ಡೆಯ ಪಕ್ಕದಲ್ಲೇ ನೋವು ಕಾಣಿಸಿಕೊಂಡಿತು, ಅಡ್ಡೆಯ ಹಿಂದಿನ ಚಪ್ಪರದಲ್ಲಿ ಹೆರಿಗೆಯಾಯಿತು. ಚಿಕ್ಕಂದಿನಲ್ಲಿ ಹುಡುಗರು ಮುರಿದ ಕೋಲು ತಂದು ಅವಳ ಮುಂದೆ ಹಿಡಿದು, "ಗುರುಬಸೀ, ಒಂದ ಮಾತ ಆಡ, ಇದು ಕೊಯ್ದ ಹೋಗ್ಲಿ" ಎನ್ನುತ್ತಿದ್ದರಂತೆ. ನೋಡಲು ಬಂದ ಗಂಡುಗಳೆಲ್ಲ ಅವಳು ಹೆಸರು ಹೇಳುವ ತನಕ ಕೂತು, ಹೇಳಿದ ಮೇಲೆ ಎದ್ದರು. ಕಡೆಗೆ ಮದುವೆಯಾದವನು ಅದೇ ಅಡ್ಡೆಯಲ್ಲಿ ಕೆಲಸ ಮಾಡುತ್ತಿದ್ದವನು. "ದಿನಾ ಕೇಳೋದ ಐತಿ, ಮನ್ಯಾಗೂ ಕೇಳ್ತೀನಿ" ಎಂದನಂತೆ. ಒಳ್ಳೆಯ ಮನುಷ್ಯ, ಬೇಗ ಹೋದ. ಮಗಳು ಪ್ರಭಾವತಿ ಹುಟ್ಟುವಾಗ ಗುರುಬಸವ್ವ ಸೆರಗಿನ ಮುದ್ದೆಯನ್ನು ಬಾಯಲ್ಲಿ ತುರುಕಿಕೊಂಡು, ಅಷ್ಟು ನೋವಿನಲ್ಲೂ ಒಂದು ಸಲವೂ ಚೀರಲಿಲ್ಲ ಎಂದು ನಮ್ಮ ಓಣಿಯ ಹಿರಿಯರು ಈಗಲೂ ಹೇಳುತ್ತಾರೆ. ಪಕ್ಕದಲ್ಲಿ ಅವಳ ತಾಯಿ ಮೊರದಲ್ಲಿ ಜೋಳ ಕೇರುತ್ತ ಕೂತಿದ್ದಳು. ಪ್ರಭಾಳ ಮಾತಿನಲ್ಲಿ ಇವತ್ತಿಗೂ ಜೋಳ ಹಾರಿ ಮೊರಕ್ಕೆ ಬೀಳುವ ಮೆತ್ತನೆಯ ಸದ್ದಿದೆ. ಮಗಳಿಗೆ ಗುರುಬಸವ್ವ ಒಂದೇ ಒಂದು ಜೋಗುಳ ಹಾಡಲಿಲ್ಲ. ಸದ್ದು ಅಂಟುವುದು ಮೊದಲ ಸಲ ಮಾತ್ರ ಎಂದು ಎಲ್ಲರೂ ಹೇಳಿದರೂ ಅವಳು ನಂಬಲಿಲ್ಲ.

ಈಗ ಪ್ರಭಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹುಟ್ಟುವ ಕೂಸಿಗೆ ಯಾವ ದನಿ ಕೊಡಬೇಕೆಂದು ಗುರುಬಸವ್ವ ಆಗಲೇ ಆರಿಸಿಟ್ಟಿದ್ದಳು. ತಾಮ್ರದ ಕೊಡದಿಂದ ಹಂಡೆಗೆ ನೀರು ಸುರಿಯುವ ದನಿ. ಹಿತ್ತಿಲಲ್ಲಿ ಅವಳು ದಿನವೂ ಸುರಿದು ಸುರಿದು ಅಭ್ಯಾಸ ಮಾಡುವುದು ನನಗೆ ಕೇಳುತ್ತಿತ್ತು. ಮೊದಮೊದಲು ದಬದಬ ಎನ್ನುತ್ತಿದ್ದ ನೀರು ಬರಬರುತ್ತ ಎಷ್ಟು ಸಣ್ಣಗೆ, ಎಷ್ಟು ಚೆಂದಾಗಿ ಬೀಳತೊಡಗಿತೆಂದರೆ ಕೆಲಸ ಬಿಟ್ಟು ಕೇಳುತ್ತ ಕೂಡುತ್ತಿದ್ದೆ. ಅಂಥದರ ನಡುವೆ ನನ್ನ ಕಂಪ್ಯೂಟರು.

ನನ್ನ ಕೆಲಸ ಸೀರೆಯ ಅಂಚಿಗೆ ನಕ್ಷೆ ಬರೆಯುವುದು. ಪರದೆಯ ಮೇಲೆ ಚೌಕ ಚೌಕವಾಗಿ ಬಣ್ಣ ತುಂಬುತ್ತೇನೆ, ಮಗ್ಗದವರು ಅದನ್ನು ನೋಡಿ ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸುತ್ತಾರೆ. ಕಂಪ್ಯೂಟರು ಬಹಳ ಹಳೆಯದು. ನಾನು ಕಲಿತ ಪ್ರೋಗ್ರಾಮು ಅದೊಂದರಲ್ಲೇ ನಡೆಯುತ್ತದೆ, ನಾನು ಇಷ್ಟು ವರ್ಷ ಬರೆದ ಅಂಚುಗಳೆಲ್ಲ ಇರುವುದೂ ಅದರೊಳಗೇ. ಒಂಟಿ ಹೆಂಗಸಿನ ಮನೆಯಲ್ಲಿ ಏನಾದರೂ ಒಂದು ಗೊಣಗುತ್ತಿದ್ದರೆ ಒಳ್ಳೆಯದೇ ಎಂದು ಅದರ ಸದ್ದಿಗೆ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಗುರುಬಸವ್ವ ಬಂದು ಹೋದ ಮೇಲೆ ಕಿವಿಗೊಟ್ಟು ಕೇಳಿದೆ. ಅಯ್ಯೋ ಶಿವನೇ! ಒಳಗೆ ಗುಂಯ್ ಎಂಬ ಒಂದು ಹಟ, ಅದರ ಮೇಲೆ ಕರಕರ ಕಟಕಟ ಎಂಬ ಇನ್ನೊಂದು. ಗಂಟಲಲ್ಲಿ ಎಲುಬು ಸಿಕ್ಕ ನಾಯಿಯ ಹಾಗೆ. ಇದು ಒಂದು ಜೀವದ ದನಿಯಲ್ಲಿ ಸೇರಿಕೊಂಡರೆ ಅದು ಹೇಗೆ ಬದುಕಬೇಕು ಎನ್ನಿಸಿತು.

ಬಸ್ ಸ್ಟ್ಯಾಂಡಿನ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವ ದಸ್ತಗೀರನನ್ನು ಕರೆಸಿದೆ. ಅವನದು ಸ್ಟೋವಿಗೆ ಗಾಳಿ ಹಾಕುವ ದನಿ, ಮಾತಿನ ಹುರುಪು ಏರಿದಂತೆ ಗಾಳಿ ಹಾಕುವುದೂ ಏರುತ್ತದೆ. ಡಬ್ಬಿಯ ಬದಿಯ ತಗಡು ಬಿಚ್ಚಿ, ಸ್ಕ್ರೂಡ್ರೈವರಿನ ತುದಿಯನ್ನು ಹಾರ್ಡ್ ಡಿಸ್ಕಿಗೆ ತಾಗಿಸಿ ಹಿಡಿಕೆಗೆ ಕಿವಿ ಹಚ್ಚಿದ. "ಅಕ್ಕಾರ, ಇದಕ್ಕ ಮುಪ್ಪ ಬಂದೈತ್ರಿ. ತಿರಗೂ ತನಾ ತಿರಗತೈತಿ. ಒಮ್ಮೆ ನಿಂತ್ರ ಮತ್ತ ಏಳ್ತೈತಂತ ನಾ ಅಂತೂ ಹೇಳಂಗಿಲ್ಲ. ಬಂದ್ ಮಾಡಬ್ಯಾಡ್ರಿ. ಒಂದೊಂದ ನಕ್ಷೆ ಪೆನ್ ಡ್ರೈವಿಗೆ ಇಳಸ್ಕೋರಿ. ಇಂಥಾದ ಇನ್ನೊಂದ ಹಳೇ ಕಂಪ್ಯೂಟರ ನಾ ಹುಡುಕಿ ತರ್ತೀನಿ."

ಇಳಿಸಲು ಕೂತರೆ ಒಂದೊಂದು ನಕ್ಷೆಗೂ ಡಿಸ್ಕು ತಿಣುಕುತ್ತಿತ್ತು. ಓದಲು ಬಾರದ ಕಡೆ ಹಿಂದೆ ಬಂದು ಮತ್ತೆ ಓದುತ್ತಿತ್ತು, ಮತ್ತೆ ತಪ್ಪುತ್ತಿತ್ತು. ತಪ್ಪಿದಷ್ಟೂ ಕರಕರ ಹೆಚ್ಚು. ಮುಗಿಯುವುದರೊಳಗೆ ಕೂಸು ಹುಟ್ಟಿ ನಗಲು ಕಲಿಯುತ್ತದೆ ಎನ್ನಿಸಿತು. ಆರಿಸಿದರೆ ನನ್ನ ಅರ್ಧ ಆಯುಷ್ಯದ ಕೆಲಸ ಹೋಗುತ್ತದೆ, ಆರಿಸದಿದ್ದರೆ ಒಂದು ಕೂಸಿನ ಇಡೀ ಆಯುಷ್ಯ ಕೆಡುತ್ತದೆ. ಬಾಯಲ್ಲಿ ಬಿಸಿ ತುಪ್ಪ. ಬೇರೆ ಕೋಣೆಗೆ ಸರಿಸೋಣವೆಂದರೆ ಇರುವುದೇ ಒಂದು ಕೋಣೆ, ಒಂದು ಅಡುಗೆಮನೆ. ಎರಡಕ್ಕೂ ಅದೇ ಗೋಡೆ. ಓಡುವ ಡಿಸ್ಕನ್ನು ಓಣಿಯಲ್ಲಿ ಹೊತ್ತುಕೊಂಡು ಹೋಗಲು ದಸ್ತಗೀರ ಒಪ್ಪಲಿಲ್ಲ.

ಗುರುಬಸವ್ವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಕಾಕಿ, ಇದರ ಬಾಯಿ ಮುಚ್ಚಿಸ್ತೀನಿ. ಮುಚ್ಚಿಸಾಕ ಆಗ್ಲಿಲ್ಲಂದ್ರ, ನ್ವಾವು ಬಂದ ದಿನ ನಿಮ್ಮ ಮನ್ಯಾಗ ನಾನ ಗ್ವಾಡಿಗೆ ಕಿವಿ ಹಚ್ಚಿ ನಿಂದ್ರತೀನಿ. ಎಳ್ಳಕಾಳಷ್ಟ ಕೇಳ್ಸಿದ್ರೂ ಓಡಿ ಬಂದು ವಾಯರ್ ಕಿತ್ತ ಹಾಕ್ತೀನಿ." ಅವಳು ನನ್ನ ಮುಖವನ್ನೇ ನೋಡಿದಳು. ನನ್ನ ನಕ್ಷೆಗಳು ಏನೆಂದು ಅವಳಿಗೆ ಗೊತ್ತು, ಮೈಮೇಲಿದ್ದ ಸೀರೆಯ ಅಂಚೇ ನನ್ನದು. ಒಳಗೆ ಹೋಗಿ ಒಂದು ಪುಟ್ಟ ಕೌದಿ ತಂದು ಕೈಯಲ್ಲಿಟ್ಟಳು.

ಊರ ರೂಢಿಯಂತೆ ಸುತ್ತಿದೆವು. ಡಿಸ್ಕಿಗೆ ಕೌದಿ ಹೊದಿಸಿ, ಸಂದಿನಲ್ಲೆಲ್ಲ ಅರಳೆ ತುರುಕಿ, ಮೇಲೊಂದು ದಾರ ಕಟ್ಟಿದೆವು. ಸದ್ದು ತಗ್ಗಿತು. ಗುರುಬಸವ್ವ ತಲೆಯಾಡಿಸಿದಳು, ದಸ್ತಗೀರ ಭೇಷ್ ಎಂದ. ಮಧ್ಯಾಹ್ನ ಊಟ ಮಾಡಿ ಬಂದು ಮುಟ್ಟಿ ನೋಡಿದರೆ ಕೌದಿ ಹಂಚಿನಂತೆ ಕಾದಿತ್ತು. ಅದರ ಉಸಿರನ್ನೇ ಕಟ್ಟಿಬಿಟ್ಟಿದ್ದೆವು. ಗಾಬರಿಯಿಂದ ಬಿಚ್ಚಿ, ಬೀಸಣಿಗೆ ಹಿಡಿದು ಗಾಳಿ ಬೀಸುತ್ತ ಕೂತೆ. ಸದ್ದು ಮೊದಲಿಗಿಂತ ಜೋರಾಯಿತು, ಹುಣಸೆ ಹೂವಿನ ಒಂದು ಅಂಚು ಮತ್ತೆಂದೂ ತೆರೆಯಲಿಲ್ಲ. ನನಗೆ ತುಂಬ ಇಷ್ಟದ ಅಂಚು ಅದು. ಎರಡು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಸಿಟ್ಟು ಇಳಿದ ಮೇಲೆ ಕುತೂಹಲ ಏರಿತು. ನನ್ನ ಸ್ವಭಾವವೇ ಅಂಥದು, ಕೆಟ್ಟದ್ದು ಯಾಕೆ ಕೆಟ್ಟಿತೆಂದು ತಿಳಿಯದಿದ್ದರೆ ಊಟ ಸೇರುವುದಿಲ್ಲ. ತೆರೆದ ಡಬ್ಬಿಯ ಮುಂದೆ ಕೂತು ಸುಮ್ಮನೆ ಬೆರಳಿನಿಂದ ಅಲ್ಲಿ ಇಲ್ಲಿ ಮುಟ್ಟಿದೆ. ಡಬ್ಬಿಯ ತಗಡಿನ ಮೇಲೆ ಅಂಗೈ ಇಟ್ಟು ಒತ್ತಿದರೆ ಸದ್ದು ಕುಗ್ಗುತ್ತದೆ, ಕೈ ತೆಗೆದರೆ ಏಳುತ್ತದೆ. ಡಬ್ಬಿಯ ಕೆಳಗೆ ಮಡಿಸಿದ ಟವೆಲ್ ಸರಿಸಿದೆ. ಮೇಜು ಗುಂಯ್ ಎನ್ನುವುದು ನಿಂತಿತು. ಮೇಜನ್ನು ಗೋಡೆಯಿಂದ ಗೇಣುದ್ದ ಎಳೆದೆ. ಗೋಡೆಗೆ ಕಿವಿ ಹಚ್ಚಿದರೆ ಅಲ್ಲೂ ಕಡಿಮೆ. ಹಾಗಾದರೆ ಇಷ್ಟು ಗದ್ದಲ ಡಿಸ್ಕಿನದಲ್ಲ! ಅದು ತನ್ನ ಪಾಡಿಗೆ ನಡುಗುತ್ತದೆ, ಅಷ್ಟೇ. ಸ್ಕ್ರೂ ಹಾಕಿ ಬಿಗಿದ ತಗಡು ಅದರ ನಡುಕವನ್ನು ಹಿಡಿದು ಕೂಗುತ್ತದೆ, ತಗಡಿನಿಂದ ಮೇಜು, ಮೇಜಿನಿಂದ ಗೋಡೆ. ನಾವು ಡಿಸ್ಕಿನ ಬಾಯಿ ಮುಚ್ಚಲು ಹೋಗಿದ್ದೆವು, ಮಾಡಬೇಕಾದ್ದು ಅದನ್ನು ಯಾರಿಗೂ ತಾಗದ ಹಾಗೆ ಇಡುವುದು. ಈ ಸಣ್ಣ ವಿಷಯ ತಿಳಿದಾಗ ನನಗಾದ ಖುಷಿಯನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ, ಆದ್ದರಿಂದ ಒಲೆಯ ಮುಂದಿದ್ದ ಬೆಕ್ಕಿಗೆ ಹೇಳಿದೆ.

ಲಂಗಕ್ಕೆ ಹಾಕುವ ಅಗಲದ ಇಲಾಸ್ಟಿಕ್ ಮನೆಯಲ್ಲೇ ಇತ್ತು. ಡಬ್ಬಿಯ ಮೇಲ್ಭಾಗದಲ್ಲಿ ಸಿ.ಡಿ. ಹಾಕುವ ಜಾಗ ಖಾಲಿ ಬಿದ್ದಿತ್ತು. ಅದರ ಎರಡು ಬದಿಗೂ ಇಲಾಸ್ಟಿಕ್ ಬಿಗಿದು, ಅದರ ನಡುವೆ ಡಿಸ್ಕು ತೂಗಿಕೊಂಡಿರುವಂತೆ ಮಾಡಬೇಕೆಂದು ದಸ್ತಗೀರನಿಗೆ ವಿವರಿಸಿದೆ. ಅಷ್ಟರಲ್ಲಿ ಗುರುಬಸವ್ವ ಬಂದು ನೋಡಿ ಕೈ ಅಡ್ಡ ಹಿಡಿದಳು. ತೊಟ್ಟಿಲು! ಹೆರಿಗೆಗೆ ಮೊದಲೇ ತೊಟ್ಟಿಲು ಕಟ್ಟುವುದೆಂದರೆ ಏನು! ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದವರ ಕಥೆ ನಮಗೆ ಗೊತ್ತಿಲ್ಲವೇ ಎಂಬಂತೆ ನಮ್ಮಿಬ್ಬರನ್ನೂ ದುರುಗುಟ್ಟಿದಳು. ಖಾಲಿ ತೊಟ್ಟಿಲು ತೂಗಿದರೆ ಕೇಡು ಎಂಬುದು ನನಗೂ ಗೊತ್ತು, ನನಗೂ ಕೈ ಹಿಂಜರಿಯಿತು. ಹೊಟ್ಟೆ ಹೊತ್ತುಕೊಂಡು ಹಿಂದೆಯೇ ಬಂದಿದ್ದ ಪ್ರಭಾ ಬಾಗಿಲಿಗೆ ಒರಗಿ ನಕ್ಕಳು. "ಯವ್ವಾ, ಖಾಲಿ ಎಲ್ಲೈತಿ? ಮುದುಕ ಡಿಸ್ಕ್ ಮಲಗ್ತೈತಲ್ಲ ಅದರಾಗ. ಮುದುಕರನ್ನ ತ್ವಟ್ಟಲದಾಗ ಹಾಕಬಾರ್ದಂತ ಯಾರ ಹೇಳ್ಯಾರ?" ಗುರುಬಸವ್ವ ಸಂಪ್ರದಾಯಕ್ಕೆ ಎಲ್ಲೂ ಲೋಪ ಬಾರದಿರಲೆಂದು ಇಲಾಸ್ಟಿಕಿಗೆ ಅರಿಶಿನ ಹಚ್ಚಿ ಕೊಟ್ಟಳು.

ಓಡುತ್ತಿರುವ ಡಿಸ್ಕಿನ ಸ್ಕ್ರೂ ಬಿಚ್ಚುವಾಗ ದಸ್ತಗೀರನ ಮಾತಿನಲ್ಲಿ ಗಾಳಿ ಹಾಕುವುದೂ ನಿಂತುಹೋಗಿತ್ತು. ವಾಯರು ಎಳೆಯದ ಹಾಗೆ, ವಾಲದ ಹಾಗೆ, ಬಾಣಂತಿ ಕೂಸನ್ನು ಎತ್ತಿಕೊಡುವ ಹಾಗೆ ನನ್ನ ಕೈಗೆ ಕೊಟ್ಟ, ನಾನು ಇಲಾಸ್ಟಿಕಿನ ಮೇಲೆ ಇಳಿಸಿದೆ. ಒಮ್ಮೆ ಜೋಲಿ ಹೊಡೆದು ಸ್ಥಿರವಾಯಿತು. ಅಷ್ಟೇ. ಕರಕರ ಎಲ್ಲಿಗೆ ಹೋಯಿತೋ! ನಾನು ಬಗ್ಗಿ ಕಿವಿ ಹಚ್ಚಿದೆ, ದೂರದಲ್ಲಿ ಯಾರೋ ಅಕ್ಕಿ ಆರಿಸುವಂತೆ ಒಂದು ಸಣ್ಣ ಸದ್ದು. ಬಟ್ಟೆಯ ಹಂಗಿಲ್ಲ, ಬಿಸಿಯಾಗುವ ಭಯವಿಲ್ಲ. ಅವತ್ತಿನಿಂದ ಅದು ಬದುಕಿದೆಯೋ ಇಲ್ಲವೋ ಎಂದು ಬೆರಳು ಇಟ್ಟೇ ನೋಡಬೇಕಾಯಿತು. ನಕ್ಷೆ ಇಳಿಸುವುದು ನಡೆದೇ ಇತ್ತು.

ಪ್ರಭಾಗೆ ನೋವು ಬಂದದ್ದು ಹೇಳಿದ ದಿನಕ್ಕಿಂತ ಮೊದಲೇ, ಒಂದು ಮಧ್ಯಾಹ್ನ. ನನ್ನ ನಕ್ಷೆಗಳು ಇನ್ನೂ ಅರ್ಧ ಉಳಿದಿದ್ದವು. ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ನರ್ಸ್ ಎಸ್ತೇರಮ್ಮ ಬಂದಳು. ಅವಳು ಬೇರೆ ಊರಿನವಳು, ಮಾತಿನಲ್ಲಿ ಮಾತು ಬಿಟ್ಟರೆ ಬೇರೇನೂ ಇರುವುದಿಲ್ಲ, ಕೇಳಲು ನಮಗೆ ಒಂಥರಾ ಬರಿದು ಬರಿದು. ಕೊಟ್ಟ ಮಾತಿನಂತೆ ನಾನು ಅವರ ಕೋಣೆಯಲ್ಲಿ ಗೋಡೆಗೆ ಕಿವಿ ಹಚ್ಚಿ ನಿಂತೆ. ಬಾಗಿಲು ತೆರೆದೇ ಇತ್ತು, ಓಡಬೇಕಾದರೆ ಓಡಲೆಂದು. ಗುರುಬಸವ್ವ ಹಂಡೆಯ ಪಕ್ಕ ಕೊಡ ಹಿಡಿದು ಕೂತಿದ್ದಳು. ಪ್ರಭಾ ಹಲ್ಲು ಕಚ್ಚಿ ಅಮ್ಮನ ಕಡೆಯೇ ನೋಡುತ್ತಿದ್ದಳು. ಗೋಡೆಯಲ್ಲಿ ಏನೂ ಕೇಳಲಿಲ್ಲ. ನನ್ನ ಕಿವಿಯ ರಕ್ತದ ಸದ್ದೊಂದೇ.

ಕೂಸು ಹುಟ್ಟಿತು, ಹೆಣ್ಣು. ಗುರುಬಸವ್ವ ಕೊಡ ವಾಲಿಸಿದಳು. ನೀರು ಇಷ್ಟು ದಿನ ಬೀಳದಷ್ಟು ಚೆಂದಾಗಿ ಬಿತ್ತು. ಕೂಸು ಅಳಲಿಲ್ಲ. ಎಸ್ತೇರಮ್ಮ ಅದರ ಬಾಯಿ ಒರೆಸಿದಳು, ಅಂಗಾಲಿಗೆ ತಟ್ಟಿದಳು, ಬೆನ್ನು ತಿಕ್ಕಿದಳು. ನೀರು ಇನ್ನೊಮ್ಮೆ ಬಿತ್ತು. ಕೂಸು ಮಿಸುಕಲಿಲ್ಲ. ಅದರ ತುಟಿಯ ಬಣ್ಣ ನನಗೆ ನೋಡಲಾಗಲಿಲ್ಲ. ಎಸ್ತೇರಮ್ಮ ತಲೆ ಎತ್ತಿ, "ಉಸಿರು ತಗೊಳ್ತಿಲ್ಲ" ಎಂದಳು, ಅದೇ ಬರಿದು ದನಿಯಲ್ಲಿ. ಊರೆಲ್ಲ ಉಸಿರು ಬಿಗಿಹಿಡಿದಿತ್ತು, ನಾವು ಅಷ್ಟು ಕಷ್ಟಪಟ್ಟು ಮಾಡಿದ ಆ ನಿಶ್ಶಬ್ದವನ್ನು ಕಂಡರೆ ನನಗೆ ಹೆದರಿಕೆಯಾಯಿತು.

ಕೊಡ ಉರುಳಿತೋ ಅವಳೇ ಎಸೆದಳೋ ಗೊತ್ತಿಲ್ಲ. ಗುರುಬಸವ್ವ ಮಂಡಿಯೂರಿ ಬಂದು ಕೂಸಿನ ಮುಖದ ಮೇಲೆ ಬಗ್ಗಿ ಚೀರಿದಳು. "ಏ ಕೂಸಽ! ಅಳಽ! ಅಳಽ ನಮ್ಮವ್ವಾ! ಉಸರ ತಗೋಽ!" ಒಂದು ಜನ್ಮದಲ್ಲಿ ಆಡದೆ ಉಳಿಸಿದ್ದ ಮಾತೆಲ್ಲ ಒಮ್ಮೆಗೇ ಹೊರಬಂದಂತಿತ್ತು. ಗರಗಸ ಹೊಕ್ಕು ಕೋಣೆ, ಪಡಸಾಲೆ, ಓಣಿ ಎಲ್ಲ ಕೊಯ್ದುಕೊಂಡು ಹೋಯಿತು. ಕೂಸು ಬೆಚ್ಚಿಬಿತ್ತು. ಕೈ ಎರಡೂ ಮೇಲೆತ್ತಿ, ಬಾಯಿ ತೆರೆದು, ಅತ್ತಿತು. ಅಳುವಿನ ಅಡಿಯಲ್ಲಿ, ಇನ್ನೂ ಎಳೆಯದು, ಇನ್ನೂ ಸಣ್ಣದು, ಗರಗಸ.

ನಾನು, ಎಸ್ತೇರಮ್ಮ, ಪ್ರಭಾ ಮೂವರೂ ಅಳುತ್ತ ನಗುತ್ತಿದ್ದೆವು. ಗುರುಬಸವ್ವ ಮಾತ್ರ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಹಿತ್ತಿಲಿಗೆ ಹೋದಳು. ಅಲ್ಲಿ ಕೂತವಳ ಕಣ್ಣಲ್ಲಿ ನೀರಿಲ್ಲ, ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. "ನಾನ ಕೆಡಿಸಿದೆ" ಎಂದಳು, ನಾನು ಹತ್ತಿರ ಹೋದಾಗ. ಜೀವ ಉಳಿಸಿದಿ ಕಾಕಿ ಎಂದೆ. ಅವಳು ಕೈಸನ್ನೆಯಲ್ಲಿ ನನ್ನನ್ನು ಹೋಗೆಂದಳು. ಅವತ್ತಿನಿಂದ ಕೂಸಿಗೆ ಎಣ್ಣೆ ಹಚ್ಚಿದಳು, ಎರೆದಳು, ಸಾಂಬ್ರಾಣಿ ಹೊಗೆ ಹಾಕಿದಳು, ಆದರೆ ಕೂಸು ಅತ್ತರೆ ಎದ್ದು ಹೊರಗೆ ಹೋಗುತ್ತಿದ್ದಳು. ಮೊದಲೂ ಆಡುತ್ತಿರಲಿಲ್ಲ, ಈಗ ಪೂರ್ತಿ ನಿಲ್ಲಿಸಿದಳು.

ನನ್ನ ನಕ್ಷೆಗಳು ಆ ವಾರ ಮುಗಿದವು. ದಸ್ತಗೀರ ಹಳೇ ಕಂಪ್ಯೂಟರ್ ಒಂದನ್ನು ತಂದು ಕೊಟ್ಟ, ಅದರಲ್ಲಿ ಹುಣಸೆ ಹೂವಿನದೊಂದು ಬಿಟ್ಟು ಎಲ್ಲ ಅಂಚುಗಳೂ ತೆರೆದವು. ಇನ್ನು ಆರಿಸಬಹುದೆಂದು ಬೆರಳನ್ನು ಡಿಸ್ಕಿನ ಮೇಲಿಟ್ಟು ಸ್ವಿಚ್ಚು ಒತ್ತಿದೆ. ನಡುಕ ಸಣ್ಣದಾಗುತ್ತ ಆಗುತ್ತ ಯಾವಾಗ ನಿಂತಿತೆಂದು ತಿಳಿಯಲೇ ಇಲ್ಲ. ದಸ್ತಗೀರ ಹೇಳಿದಂತೆಯೇ, ಅದು ಮತ್ತೆ ಏಳಲಿಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಓಣಿಯ ಹೆಂಗಸರೆಲ್ಲ ಸೇರಿದ್ದರು. ಹೆಸರಿಡುವ ಮೊದಲು ಮನೆಯ ಹಿರಿಯಳು ತೊಟ್ಟಿಲ ಹಗ್ಗ ಹಿಡಿದು, ಕೂಸಿನ ದನಿ ಯಾವುದೆಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ರೊಟ್ಟಿ ದನಿ, ಮೊರದ ದನಿ, ಫ್ಯಾನಿನ ದನಿ, ಹೀಗೆ. ಒಮ್ಮೆ ಹೇಳಿದ್ದು ಕೊನೆಯ ತನಕ ಅದರ ಹೆಸರಿನ ಜೊತೆಗೇ ಇರುತ್ತದೆ. ಹಗ್ಗವನ್ನು ಗುರುಬಸವ್ವನ ಕೈಗೆ ಕೊಟ್ಟರು. ಅವಳು ಹಿಡಿದಳು, ಬಾಯಿ ತೆರೆಯಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮೂಲೆಯಲ್ಲಿ ಯಾರೋ "ಗರಗಸ ಅನ್ನೂದಕ್ಕ ಏನ ನಾಚಿಕಿ" ಎಂದು ಪಿಸುಗುಟ್ಟಿದ್ದು ನನಗೆ ಕೇಳಿತು. ಗುರುಬಸವ್ವನಿಗೂ ಕೇಳಿರಬೇಕು, ಇನ್ನೊಂದು ಕೈಯಿಂದ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ಪ್ರಭಾ ಎದ್ದು ಬಂದು ಅಮ್ಮನ ಕೈಯ ಮೇಲೆ ತನ್ನ ಕೈ ಇಟ್ಟು ಹಗ್ಗ ಹಿಡಿದಳು. ನಮ್ಮೂರಲ್ಲಿ ಆ ಜಾಗದಲ್ಲಿ ಇಂದಿನವರೆಗೂ ಒಂದು ವಸ್ತುವಿನ ಹೆಸರನ್ನೇ ಹೇಳಿದ್ದಾರೆ, ಮನುಷ್ಯರ ಹೆಸರು ಯಾರೂ ಹೇಳಿದ್ದಿಲ್ಲ.

"ಇಕೀಗೆ ನಮ್ಮವ್ವನ ದನಿ" ಎಂದಳು.

ಗುರುಬಸವ್ವ ಮಗಳನ್ನು ನೋಡಿದಳು, ತೊಟ್ಟಿಲನ್ನು ನೋಡಿದಳು, ಬಾಯಿಗೆ ಅಡ್ಡ ಹಿಡಿದಿದ್ದ ಸೆರಗನ್ನು ಬಿಟ್ಟಳು.

"ಇನ್ನೊಮ್ಮೆ ಹೇಳ" ಎಂದಳು, ಓಣಿಗೆಲ್ಲ ಕೇಳುವಂತೆ.